ಬಿಲ್ಲಿನ ಕೆಳಗಿನ ಖಾಲಿ ಗೆರೆ: ಅಮೆರಿಕದ ಟಿಪ್ಸ್ ಪದ್ಧತಿ ನಡೆಯುವ ಬಗೆ

ನನ್ನ ತಾಯಿ ಮೊದಲ ಸಲ ಅಮೆರಿಕಕ್ಕೆ ಬಂದಾಗ ನಾವು ನಾಲ್ವರು ನ್ಯೂಯಾರ್ಕ್ ನಗರದ ಒಂದು ಸಾಧಾರಣ ರೆಸ್ಟೋರೆಂಟಿನಲ್ಲಿ ಊಟ ಮಾಡಿದೆವು. ಊಟದ ಬೆಲೆ 80 ಡಾಲರ್, ಅದರ ಮೇಲೆ ನೂರಕ್ಕೆ 8.875ರಂತೆ ಮಾರಾಟ ತೆರಿಗೆ 7 ಡಾಲರ್ 10 ಸೆಂಟ್, ಒಟ್ಟು 87.10. ನಮಗೆ ಬಡಿಸಿದ ಹುಡುಗಿ ಕಪ್ಪು ಫೋಲ್ಡರಿನಲ್ಲಿ ಬಿಲ್ಲು ತಂದಿಟ್ಟಳು. ನಾನು ಅದರೊಳಗೆ ಕಾರ್ಡ್ ಇಟ್ಟೆ. ಆಕೆ ಒಯ್ದು, ಹಣ ಹಿಡಿದುಕೊಂಡು, ಕಾರ್ಡನ್ನು ಎರಡು ಚೀಟಿಗಳ ಜೊತೆ ಹಿಂದಕ್ಕೆ ತಂದುಕೊಟ್ಟಳು. ಒಂದು ಚೀಟಿ ನಮಗೆ, ಇನ್ನೊಂದು ಅವರಿಗೆ. ಅವರ ಚೀಟಿಯಲ್ಲಿ 87.10ರ ಕೆಳಗೆ ‘ಟಿಪ್’ ಎಂದು ಒಂದು ಖಾಲಿ ಗೆರೆ, ಅದರ ಕೆಳಗೆ ‘ಟೋಟಲ್’ ಎಂದು ಇನ್ನೊಂದು, ಕೊನೆಗೆ ಸಹಿಗೆ ಮತ್ತೊಂದು. ನಾನು ಮೊದಲನೆಯದರ ಮೇಲೆ 16 ಎಂದೂ ಎರಡನೆಯದರ ಮೇಲೆ 103.10 ಎಂದೂ ಬರೆದು ಸಹಿ ಹಾಕಿದೆ. ಅಮ್ಮ ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕಿ, “ಊಟದ ದುಡ್ಡು ಕೊಟ್ಟಾಯ್ತಲ್ಲೋ, ಮತ್ತೆ ಸಾವಿರದ ಮುನ್ನೂರು ರೂಪಾಯಿ ಭಕ್ಷೀಸು ಯಾಕೆ?” ಎಂದು ಕೇಳಿದರು.

ಆ ಪ್ರಶ್ನೆಯಲ್ಲಿದ್ದ ‘ಭಕ್ಷೀಸು’ ಎಂಬ ಮಾತಿನಲ್ಲೇ ಗೊಂದಲದ ಬೇರು ಇದೆ. ನಮ್ಮ ಊರಿನ ಹೋಟೆಲಿನಲ್ಲಿ ಸಪ್ಲೈಯರನಿಗೆ ಸಂಬಳ ಕೊಡುವುದು ಮಾಲೀಕನ ಹೊಣೆ. ಸೋಂಪಿನ ತಟ್ಟೆಯಲ್ಲಿ ನಾವು ಬಿಟ್ಟು ಬರುವ ಹತ್ತಿಪ್ಪತ್ತು ರೂಪಾಯಿ ಮನಸ್ಸಂತೋಷಕ್ಕೆ ಕೊಟ್ಟದ್ದು. ಕೊಡದೆ ಎದ್ದು ಬಂದರೂ ಯಾರೂ ಅದನ್ನು ತಪ್ಪೆಂದು ಎಣಿಸುವುದಿಲ್ಲ. ದರ್ಶಿನಿಗಳಲ್ಲಂತೂ ನಾವೇ ಟೋಕನ್ ಕೊಟ್ಟು, ತಟ್ಟೆ ತೆಗೆದುಕೊಂಡು, ನಿಂತು ತಿನ್ನುವುದರಿಂದ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಮೇಜಿಗೆ ಬಂದು ಬಡಿಸುವ ಸರ್ವರ್‌ಗೆ ಸಲ್ಲಬೇಕಾದ ಕನಿಷ್ಠ ವೇತನದ ಒಂದು ಪಾಲನ್ನು ಮಾಲೀಕ ಕೊಡಬೇಕಾಗಿಯೇ ಇಲ್ಲ. ಗ್ರಾಹಕ ಅದನ್ನು ನೇರವಾಗಿ ಕೊಡುತ್ತಾನೆ ಎಂಬ ಲೆಕ್ಕಾಚಾರವನ್ನು ಕಾನೂನೇ ಒಪ್ಪಿಕೊಂಡಿದೆ. ಬಿಲ್ಲಿನ ಕೆಳಗಿನ ಖಾಲಿ ಗೆರೆ ಇರುವುದು ಸಂಬಳದ ಆ ಪಾಲಿಗಾಗಿ. ಎದುರಿಗಿರುವ ಈ ವ್ಯಕ್ತಿಯ ಸಂಬಳ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಎಲ್ಲಿ ಎಷ್ಟು ಕೊಡಬೇಕು, ಎಲ್ಲಿ ಕೊಡಬೇಕಾಗಿಲ್ಲ ಎಂಬುದರ ಬಹುಪಾಲು ತಾನಾಗಿಯೇ ತಿಳಿಯಾಗುತ್ತದೆ.

ಕಾನೂನಿನ ಲೆಕ್ಕ ಹೀಗಿದೆ. ಅಮೆರಿಕದ ಫೆಡರಲ್, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ, ಕನಿಷ್ಠ ವೇತನ ಗಂಟೆಗೆ 7 ಡಾಲರ್ 25 ಸೆಂಟ್. 2009ರ ಜುಲೈನಿಂದ ಈಚೆಗೆ ಅದು ಬದಲಾಗಿಲ್ಲ. ಆದರೆ ತಿಂಗಳಿಗೆ 30 ಡಾಲರಿಗಿಂತ ಹೆಚ್ಚು ಟಿಪ್ಸ್ ವಾಡಿಕೆಯಾಗಿ ಬರುವ ಕೆಲಸದಲ್ಲಿರುವವರಿಗೆ ಮಾಲೀಕ ತನ್ನ ಕೈಯಿಂದ ಗಂಟೆಗೆ 2 ಡಾಲರ್ 13 ಸೆಂಟ್ ಕೊಟ್ಟರೆ ಸಾಕು. ಉಳಿದ 5 ಡಾಲರ್ 12 ಸೆಂಟು ಗ್ರಾಹಕರ ಟಿಪ್ಸ್‌ನಿಂದ ಬಂತೆಂದು ಲೆಕ್ಕ ಹಿಡಿಯಲು ಅವನಿಗೆ ಅವಕಾಶವಿದೆ. ಇದಕ್ಕೆ ‘ಟಿಪ್ ಕ್ರೆಡಿಟ್’ ಎಂದು ಹೆಸರು. ಎರಡೂ ಸೇರಿ 7.25 ತಲುಪದಿದ್ದರೆ ಕೊರತೆಯನ್ನು ಮಾಲೀಕನೇ ತುಂಬಿಕೊಡಬೇಕೆಂದು ಕಾನೂನು ಹೇಳುತ್ತದೆ. ಹೇಳುವುದೇನೋ ಸರಿ, ಆದರೆ ಆ ಕೊರತೆಯನ್ನು ಲೆಕ್ಕ ಹಾಕಿ ಕೇಳಬೇಕಾದವರು ಮುಂದಿನ ವಾರದ ಒಳ್ಳೆಯ ಪಾಳಿಗಾಗಿ ಅದೇ ಮಾಲೀಕನನ್ನು ನೆಚ್ಚಿಕೊಂಡವರು ಎಂಬುದನ್ನು ಮರೆಯಬಾರದು. ಟಿಪ್ಸ್ ಮೇಲಿನ ತೆರಿಗೆಯನ್ನೂ ಈ ಸಣ್ಣ ಸಂಬಳದಿಂದಲೇ ಮುರಿದುಕೊಳ್ಳುವುದರಿಂದ, ಎರಡು ವಾರಕ್ಕೊಮ್ಮೆ ಕೈಗೆ ಬರುವ ಸಂಬಳದ ಚೆಕ್ಕಿನಲ್ಲಿ ಏನೂ ಉಳಿಯದ ಸರ್ವರ್‌ಗಳು ಇದ್ದಾರೆ. ಅವರ ಪಾಲಿಗೆ ಟಿಪ್ಸೇ ಸಂಬಳ.

ಈ 2.13 ಎಂಬ ಅಂಕಿಗೆ ಒಂದು ಕಥೆಯಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯುರೋಪ್ ಸುತ್ತಿ ಬಂದ ಸಿರಿವಂತ ಅಮೆರಿಕನ್ನರು ಅಲ್ಲಿನ ಶ್ರೀಮಂತರ ಅಭ್ಯಾಸವೆಂದು ಟಿಪ್ಸನ್ನು ತಮ್ಮ ದೇಶಕ್ಕೆ ತಂದರು. ಎಲ್ಲರೂ ಸಮಾನರು ಎಂದು ಹೇಳಿಕೊಂಡ ದೇಶದಲ್ಲಿ ಹೀಗೆ ಕೈಯೊಡ್ಡುವುದೂ ಕೈಯೆತ್ತಿ ಕೊಡುವುದೂ ಅವಮಾನವೆಂದು ಮೊದಮೊದಲು ಬಹಳ ಜನ ಸಿಡಿಮಿಡಿಗೊಂಡರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನು ಕಾನೂನಿನಿಂದಲೇ ನಿಷೇಧಿಸಿತು, ಅದರ ಹಿಂದೆಯೇ ಮಿಸಿಸಿಪಿ, ಅರ್ಕನ್ಸಾ, ದಕ್ಷಿಣ ಕ್ಯಾರೊಲೈನಾ, ಟೆನೆಸಿ ಮೊದಲಾದ ರಾಜ್ಯಗಳೂ ನಿಷೇಧ ತಂದವು. 1926ರ ಹೊತ್ತಿಗೆ ಈ ಕಾನೂನುಗಳೆಲ್ಲ ರದ್ದಾಗಿದ್ದವು. ಅಷ್ಟರಲ್ಲಿ ಪದ್ಧತಿ ಬೇರು ಬಿಟ್ಟಾಗಿತ್ತು, ಮತ್ತು ಅದು ಬೇರು ಬಿಟ್ಟ ನೆಲ ಯಾವುದೆಂಬುದು ಮುಖ್ಯ. ಅಂತರ್ಯುದ್ಧ ಮುಗಿದು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರನ್ನು ಹೋಟೆಲುಗಳು, ರೆಸ್ಟೋರೆಂಟುಗಳು ಮತ್ತು ರೈಲ್ವೆ ಕಂಪನಿಗಳು ಅತಿ ಕಡಿಮೆ ಸಂಬಳಕ್ಕೆ ಸೇರಿಸಿಕೊಂಡು, ಉಳಿದದ್ದನ್ನು ಗಿರಾಕಿಗಳಿಂದ ಪಡೆದುಕೊಳ್ಳಿ ಎಂದವು. ಪುಲ್ಮನ್ ಕಂಪನಿಯ ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಪಾಲಿಶ್ ಮಾಡಿ, ರಾತ್ರಿಯಿಡೀ ಎಚ್ಚರವಿರುತ್ತಿದ್ದ ಪೋರ್ಟರ್‌ಗಳು ಇದರ ದೊಡ್ಡ ಉದಾಹರಣೆ. ಅವರಿಗೆ ಸ್ವಂತ ಹೆಸರಿದೆ ಎಂಬುದನ್ನೂ ಲೆಕ್ಕಿಸದೆ ಪ್ರಯಾಣಿಕರು ಎಲ್ಲರನ್ನೂ ಕಂಪನಿಯ ಒಡೆಯನ ಹೆಸರಿನಿಂದ ‘ಜಾರ್ಜ್’ ಎಂದೇ ಕರೆಯುತ್ತಿದ್ದರು. ಎ. ಫಿಲಿಪ್ ರಾಂಡಾಲ್ಫ್ ಅವರ ಮುಂದಾಳ್ತನದಲ್ಲಿ 1925ರಲ್ಲಿ ಈ ಪೋರ್ಟರ್‌ಗಳು ತಮ್ಮದೇ ಸಂಘ ಕಟ್ಟಿದರು; ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡರು. ಅವರು ಕೇಳಿದ್ದರಲ್ಲಿ ಮುಖ್ಯವಾದದ್ದು ಟಿಪ್ಸ್ ಮೇಲೆ ಬದುಕಬೇಕಾಗದಷ್ಟು ಸಂಬಳ.

ಮರುವರ್ಷವೇ, 1938ರಲ್ಲಿ, ದೇಶಕ್ಕೆ ಮೊದಲ ಕನಿಷ್ಠ ವೇತನ ಕಾನೂನು ಬಂತು, ಆದರೆ ಹೋಟೆಲು ಮತ್ತು ರೆಸ್ಟೋರೆಂಟಿನ ಕೆಲಸಗಾರರಲ್ಲಿ ಬಹುತೇಕರು ಅದರ ಹೊರಗೇ ಉಳಿದರು. 1966ರ ತಿದ್ದುಪಡಿ ಅವರನ್ನು ಕಾನೂನಿನ ಒಳಗೆ ತಂದಿತು, ಅದೇ ಉಸಿರಿನಲ್ಲಿ ಟಿಪ್ ಕ್ರೆಡಿಟ್ಟನ್ನೂ ಹುಟ್ಟುಹಾಕಿತು: ಕನಿಷ್ಠ ವೇತನದ ಅರ್ಧದವರೆಗೆ ಟಿಪ್ಸ್‌ನಿಂದ ತುಂಬಿಸಿಕೊಳ್ಳಬಹುದು. 1991ರಲ್ಲಿ ಕನಿಷ್ಠ ವೇತನ 4.25 ಇತ್ತು, ಅದರ ಅರ್ಧವೇ ಈ 2.13. 1996ರಲ್ಲಿ ಅಮೆರಿಕದ ಸಂಸತ್ತು ಕನಿಷ್ಠ ವೇತನವನ್ನು ಏರಿಸಿದಾಗ, ಟಿಪ್ಸ್ ಪಡೆಯುವವರ ಪಾಲು ಅದರೊಂದಿಗೆ ಏರದಂತೆ ಅದನ್ನು 2.13ಕ್ಕೇ ಕಟ್ಟಿಹಾಕಿತು. ಒಂದು ದೇಶದಲ್ಲಿ ಅಕ್ಕಿಯ ಬೆಲೆ, ಮನೆ ಬಾಡಿಗೆ, ಪೆಟ್ರೋಲಿನ ದರ ಎಲ್ಲವೂ ಏರುತ್ತಿರುವಾಗ ಮೂವತ್ತು ವರ್ಷಕ್ಕೂ ಮಿಗಿಲಾಗಿ ಒಂದು ಸಂಬಳ ಮಾತ್ರ ನಿಂತಲ್ಲೇ ನಿಂತಿರುವುದು ನನಗೆ ಇಂದಿಗೂ ಒಪ್ಪಿಕೊಳ್ಳಲಾಗದ ಸಂಗತಿ. ಟಿಪ್ಸಿನ ಶೇಕಡಾವಾರು ಕಾಲಕಾಲಕ್ಕೆ ಮೇಲೇರುತ್ತಾ ಬಂದಿರುವುದನ್ನು ಅತಿಯಾಸೆ ಎಂದು ದೂರುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಆದರೆ 2.13 ಇಡೀ ದೇಶದ ಕಥೆಯಲ್ಲ. ಟೆಕ್ಸಸ್, ಜಾರ್ಜಿಯಾ, ಉತ್ತರ ಕ್ಯಾರೊಲೈನಾದಂತಹ ರಾಜ್ಯಗಳಲ್ಲಿ ಅದೇ ನಡೆಯುತ್ತದೆ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್, ನೆವಾಡಾ, ಮೊಂಟಾನಾ, ಮಿನೆಸೋಟಾ ಮತ್ತು ಅಲಾಸ್ಕಾ ಎಂಬ ಏಳು ರಾಜ್ಯಗಳಲ್ಲಿ ಟಿಪ್ ಕ್ರೆಡಿಟ್ ಇಲ್ಲವೇ ಇಲ್ಲ. ಮಾಲೀಕ ರಾಜ್ಯದ ಪೂರ್ಣ ಕನಿಷ್ಠ ವೇತನ ಕೊಡಬೇಕು, ಟಿಪ್ಸ್ ಅದರ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ ಆ ಕನಿಷ್ಠ ವೇತನ ಗಂಟೆಗೆ 16 ಡಾಲರ್ 50 ಸೆಂಟ್ ಇತ್ತು. ನ್ಯೂಯಾರ್ಕ್, ನ್ಯೂಜೆರ್ಸಿಯಂತಹ ರಾಜ್ಯಗಳು ಇವೆರಡರ ನಡುವೆ ಇವೆ. ಹಾಗಿದ್ದರೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಊಟ ಮಾಡಿದವರು ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಊಟ ಮಾಡಿದವರಿಗಿಂತ ಕಡಿಮೆ ಟಿಪ್ಸ್ ಕೊಡಬಹುದೇ? ತರ್ಕಕ್ಕೆ ಹೌದೆನ್ನಿಸಿದರೂ ನಡಾವಳಿಯಲ್ಲಿ ಹಾಗಿಲ್ಲ. ಎರಡೂ ಕಡೆ ಮೇಜಿಗೆ ಬಡಿಸಿದವರಿಗೆ ಶೇ. 18ರಿಂದ 20 ನಿರೀಕ್ಷಿತ. ಕಾನೂನು ಹುಟ್ಟುಹಾಕಿದ ವಾಡಿಕೆ ಈಗ ಕಾನೂನಿನ ಗಡಿ ದಾಟಿ ಬೆಳೆದಿದೆ; ಗಂಟೆಗೆ ಹದಿನಾರು ಡಾಲರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸುತ್ತಮುತ್ತ ಬಾಡಿಗೆ ಕಟ್ಟಿ ಬದುಕುವುದು ಎಷ್ಟು ಕಷ್ಟವೆಂಬುದು ಅಲ್ಲಿರುವ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾನು ಬರೆದ ಆ 16 ಡಾಲರ್ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡೋಣ. ಅದು ಪೂರ್ತಿಯಾಗಿ ಬಡಿಸಿದ ಹುಡುಗಿಯ ಕೈಯಲ್ಲಿ ಉಳಿಯುವುದಿಲ್ಲ. ಪಾಳಿ ಮುಗಿದ ಮೇಲೆ ಆಕೆ ಮೇಜು ಒರೆಸಿ ತಟ್ಟೆ ಎತ್ತುವವರಿಗೆ, ಬಾರ್‌ಟೆಂಡರ್‌ಗೆ, ಬಾಗಿಲಲ್ಲಿ ನಿಂತು ಜಾಗ ತೋರಿಸುವವರಿಗೆ ಪಾಲು ಕೊಡಬೇಕು. ಇದನ್ನು ‘ಟಿಪ್ ಔಟ್’ ಎನ್ನುತ್ತಾರೆ. ಅನೇಕ ಕಡೆ ಈ ಪಾಲನ್ನು ಬಂದ ಟಿಪ್ಸ್ ಮೇಲೆ ಲೆಕ್ಕ ಹಾಕುವುದಿಲ್ಲ, ಆಕೆ ಬಡಿಸಿದ ಒಟ್ಟು ಮಾರಾಟದ ಮೇಲೆ ಹಾಕುತ್ತಾರೆ. ಪಾಲು ಮಾರಾಟದ ಶೇ. 5 ಎಂದಿಟ್ಟುಕೊಂಡರೆ, ನಮ್ಮ 80 ಡಾಲರ್ ಊಟಕ್ಕೆ ಆಕೆ 4 ಡಾಲರ್ ಕೊಡಬೇಕು, ನಾವು ಟಿಪ್ಸ್ ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ನಾವು ಆ ಗೆರೆಯನ್ನು ಖಾಲಿ ಬಿಟ್ಟು ಎದ್ದು ಬಂದಿದ್ದರೆ, ಪಕ್ಕದ ಮೇಜಿನವರು ಕೊಟ್ಟ ಹಣದಿಂದ ನಾಲ್ಕು ಡಾಲರ್ ತೆಗೆದು ಆಕೆ ಕೊಡಬೇಕಾಗುತ್ತಿತ್ತು. ನಮಗೆ ಬಡಿಸಿದ್ದಕ್ಕೆ ಆಕೆಯೇ ದುಡ್ಡು ತೆತ್ತಂತೆ. ಮಾಲೀಕನಾಗಲಿ, ಮ್ಯಾನೇಜರ್ ಆಗಲಿ ಈ ಹಣದಲ್ಲಿ ಪಾಲು ಇಟ್ಟುಕೊಳ್ಳುವಂತಿಲ್ಲ ಎಂದು 2018ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಒಳಗೆ ಬೆಂಕಿಯ ಮುಂದೆ ನಿಂತ ಅಡುಗೆಯವರಿಗೆ ಕಡ್ಡಾಯವಾಗಿ ಪಾಲು ಹಂಚಬೇಕಾದರೆ ಮಾಲೀಕ ಟಿಪ್ ಕ್ರೆಡಿಟ್ ಬಿಟ್ಟು ಎಲ್ಲರಿಗೂ ಪೂರ್ಣ ಕನಿಷ್ಠ ವೇತನ ಕೊಡಬೇಕು.

ಶೇಕಡಾ ಎಷ್ಟು ಎಂಬುದರ ಜೊತೆಗೆ ಯಾವ ಮೊತ್ತದ ಮೇಲೆ ಎಂಬುದೂ ತಿಳಿದಿರಬೇಕು. ಸಂಪ್ರದಾಯದ ಪ್ರಕಾರ ತೆರಿಗೆ ಸೇರುವ ಮೊದಲಿನ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ: 80ಕ್ಕೆ ಶೇ. 20 ಎಂದರೆ 16. ಬಿಲ್ಲಿನ ಅಡಿಯಲ್ಲಿ ಅಚ್ಚಾಗಿರುವ ‘ಸಲಹೆ’ಗಳು ಕೆಲವೊಮ್ಮೆ ತೆರಿಗೆ ಸೇರಿಸಿದ 87.10ರ ಮೇಲೆ ಹಾಕಿದ ಲೆಕ್ಕವಾಗಿರುತ್ತವೆ, ಆಗ ಅದೇ ಶೇ. 20 ಎಂಬುದು 17.42 ಆಗುತ್ತದೆ. ನ್ಯೂಯಾರ್ಕಿನವರಲ್ಲಿ ಒಂದು ಹಳೆಯ ಸುಲಭ ಲೆಕ್ಕವಿದೆ: ತೆರಿಗೆಯನ್ನು ಎರಡರಿಂದ ಗುಣಿಸಿದರೆ ಶೇ. 17.75 ಸಿಗುತ್ತದೆ, ನಮ್ಮ ಬಿಲ್ಲಿಗೆ 14.20. ಇದು ಸಭ್ಯವಾದ ಮೊತ್ತವೇ. ಬಫೆಯಲ್ಲಿ ನಾವೇ ಬಡಿಸಿಕೊಂಡು, ಯಾರೋ ನೀರು ತಂದು ತಟ್ಟೆ ಎತ್ತಿದರೆ ಶೇ. 10 ಸಾಕು. ನಮ್ಮವರು ನಡೆಸುವ ಭಾರತೀಯ ಹೋಟೆಲುಗಳಿಗೂ ನಿಯಮ ಬೇರೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ನ್ಯೂಜೆರ್ಸಿಯ ಎಡಿಸನ್ ಪಟ್ಟಣದಲ್ಲಿ ಮಸಾಲೆ ದೋಸೆ ತಂದಿಟ್ಟವರ ಸಂಬಳವನ್ನು ನಿರ್ಧರಿಸುವುದು ಆ ರಾಜ್ಯದ ಕಾನೂನು. ದೋಸೆ ಊರಿನದ್ದೆಂದು ಸಂಬಳದ ಪದ್ಧತಿಯೂ ಊರಿನದ್ದಾಗುವುದಿಲ್ಲ.

ಆರೇಳು ಜನಕ್ಕಿಂತ ಹೆಚ್ಚಿನ ಗುಂಪಾದರೆ ಅನೇಕ ರೆಸ್ಟೋರೆಂಟುಗಳು ಶೇ. 18 ಅಥವಾ 20ನ್ನು ತಾವೇ ಬಿಲ್ಲಿಗೆ ಸೇರಿಸುತ್ತವೆ, ಮತ್ತು ಅದನ್ನು ಮೆನುವಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಬಿಲ್ಲನ್ನು ಸಾಲುಸಾಲಾಗಿ ಓದದೆ ಮತ್ತೊಮ್ಮೆ ಟಿಪ್ಸ್ ಬರೆದು ಬಂದವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ‘ಸರ್ವೀಸ್ ಚಾರ್ಜ್’ ಎಂಬ ಹೆಸರಿನಲ್ಲಿ ಬಂದದ್ದಂತೂ ಇನ್ನೂ ಜಟಿಲ. ಅಲ್ಲಿನ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ಗ್ರಾಹಕ ಸ್ವಂತ ಇಚ್ಛೆಯಿಂದ ನಿರ್ಧರಿಸಿ ಕೊಟ್ಟದ್ದು ಮಾತ್ರ ಟಿಪ್ಸ್. ಕಡ್ಡಾಯವಾಗಿ ಸೇರಿಸಿದ್ದು ಮಾಲೀಕನ ಆದಾಯ, ಅದನ್ನು ಹಂಚಿದರೆ ಅದು ಸಂಬಳ. ಎಲ್ಲ ರಾಜ್ಯಗಳಲ್ಲೂ ಅದು ಪೂರ್ತಿಯಾಗಿ ಸರ್ವರ್‌ಗೇ ಸೇರಬೇಕೆಂದಿಲ್ಲ. ಆದ್ದರಿಂದ ಆ ಸಾಲು ಕಂಡರೆ, ಇದು ನಿಮಗೆ ತಲುಪುತ್ತದೆಯೇ ಎಂದು ಬಡಿಸಿದವರನ್ನೇ ಮೆಲ್ಲಗೆ ಕೇಳುವುದು ಸರಿಯಾದ ದಾರಿ. ಅದರಲ್ಲಿ ಅಸಭ್ಯತೆ ಏನೂ ಇಲ್ಲ. ಭಾರತದಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿದ ಮೇಲೆ, ಸರ್ವೀಸ್ ಚಾರ್ಜ್ ಕಡ್ಡಾಯ ಮಾಡುವಂತಿಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಆ ತಿಳಿವಳಿಕೆಯನ್ನು ಅಮೆರಿಕಕ್ಕೆ ಒಯ್ದು ವಾದಕ್ಕೆ ನಿಲ್ಲಬಾರದು. ಮೊದಲೇ ತಿಳಿಸಿದ್ದ ಶುಲ್ಕವನ್ನು ಅಲ್ಲಿ ಕೊಡಬೇಕಾಗುತ್ತದೆ.

ಇಷ್ಟೆಲ್ಲ ತೊಡಕು ಯಾಕೆ, ಊಟದ ಬೆಲೆಯಲ್ಲೇ ಸಂಬಳ ಸೇರಿಸಿಬಿಡಬಾರದೇ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆ ಪ್ರಯತ್ನಗಳು ನಡೆದಿವೆ. ನ್ಯೂಯಾರ್ಕಿನ ಹೆಸರಾಂತ ರೆಸ್ಟೋರೆಂಟ್ ಮಾಲೀಕ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ಸಮೂಹದಲ್ಲಿ ಟಿಪ್ಸ್ ನಿಲ್ಲಿಸಿ, ಮೆನುವಿನ ಬೆಲೆ ಏರಿಸಿ, ಅಡುಗೆಯವರಿಗೂ ಬಡಿಸುವವರಿಗೂ ನಡುವಿನ ಅಂತರ ತಗ್ಗಿಸಲು ಹೊರಟರು, 2020ರಲ್ಲಿ ಕೈಬಿಟ್ಟರು. ಪಕ್ಕದ ರೆಸ್ಟೋರೆಂಟಿನ ಮೆನುವಿನಲ್ಲಿ ಟಿಪ್ಸ್ ಸೇರದ ಬೆಲೆ ಅಚ್ಚಾಗಿರುವಾಗ, ಎಲ್ಲ ಸೇರಿಸಿ ಬರೆದವರ ಬೆಲೆಯೇ ದುಬಾರಿಯಾಗಿ ಕಾಣುತ್ತದೆ. ಜೊತೆಗೆ ದುಬಾರಿ ರೆಸ್ಟೋರೆಂಟುಗಳಲ್ಲಿ ಶುಕ್ರವಾರ, ಶನಿವಾರದ ರಾತ್ರಿ ಕೆಲಸ ಮಾಡುವ ಸರ್ವರ್‌ಗಳಿಗೆ ಯಾವ ಮಾಲೀಕನೂ ಕೊಡಲಾಗದಷ್ಟು ಹಣ ಟಿಪ್ಸ್‌ನಲ್ಲಿ ಬರುತ್ತದೆ, ಅದನ್ನು ಬಿಟ್ಟುಕೊಡಲು ಅವರೇ ಒಪ್ಪುವುದಿಲ್ಲ. ಪದ್ಧತಿಯ ಅನ್ಯಾಯ ಹೆಚ್ಚು ಬೀಳುವುದು ಹೆದ್ದಾರಿ ಪಕ್ಕದ ಸಣ್ಣ ಉಪಾಹಾರ ಗೃಹದಲ್ಲಿ ಮಂಗಳವಾರ ಬೆಳಗ್ಗೆ ಹತ್ತು ಡಾಲರಿನ ತಿಂಡಿ ಬಡಿಸುವವರ ಮೇಲೆ. ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಮತದಾರರು ಟಿಪ್ಸ್ ಕೆಲಸಗಾರರ ಕಡಿಮೆ ಸಂಬಳವನ್ನು ರದ್ದು ಮಾಡುವ ಪ್ರಸ್ತಾವಕ್ಕೆ 2018ರಲ್ಲಿ ಒಪ್ಪಿಗೆ ಕೊಟ್ಟರು, ನಗರಸಭೆ ಅದನ್ನು ತೆಗೆದುಹಾಕಿತು. 2022ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟರು, 2025ರಲ್ಲಿ ನಗರಸಭೆ ಅದು ಪೂರ್ತಿ ಜಾರಿಯಾಗದಂತೆ ಬದಲಿಸಿತು.

ಟಿಪ್ಸ್ ಒಳ್ಳೆಯ ಸೇವೆಗೆ ಪ್ರೋತ್ಸಾಹ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ದಶಕಗಳ ಕಾಲ ಈ ವಿಷಯವನ್ನೇ ಅಧ್ಯಯನ ಮಾಡಿದವರು. ಸೇವೆಯ ಗುಣಕ್ಕೂ ಟಿಪ್ಸಿನ ಮೊತ್ತಕ್ಕೂ ಇರುವ ನಂಟು ಬಹಳ ದುರ್ಬಲ ಎಂದು ಅವರ ಸಂಶೋಧನೆ ತೋರಿಸಿದೆ. ಜನ ಕೊಡುವುದು ಬಹುಮಟ್ಟಿಗೆ ತಮ್ಮ ರೂಢಿಯಂತೆ. ಹೀಗಾಗಿ ಊಟ ತಡವಾಯಿತೆಂದು ಟಿಪ್ಸ್ ಕಡಿತ ಮಾಡಿದರೆ, ಅಡುಗೆಮನೆಯ ತಪ್ಪಿಗೆ ಬಡಿಸಿದವರ ಸಂಬಳ ಹೋಗುತ್ತದೆ, ತಪ್ಪು ಯಾರಿಗೂ ತಿಳಿಯುವುದೂ ಇಲ್ಲ. ತಕರಾರಿದ್ದರೆ ಮ್ಯಾನೇಜರನ್ನು ಕರೆದು ಹೇಳಿ, ಹೆಚ್ಚಿನವರು ಬಿಲ್ಲಿನಲ್ಲೇ ಕಡಿಮೆ ಮಾಡಿಕೊಡುತ್ತಾರೆ. ಬಡಿಸಿದವರೇ ನಿಜಕ್ಕೂ ಒರಟಾಗಿ ನಡೆದುಕೊಂಡಿದ್ದರೆ ಶೇ. 10ರಿಂದ 15 ಕೊಟ್ಟು ಬನ್ನಿ.

ಈಚಿನ ವರ್ಷಗಳ ಹೆಚ್ಚಿನ ಕಿರಿಕಿರಿ ಹುಟ್ಟಿರುವುದು ಕೌಂಟರಿನ ಪರದೆಯಿಂದ. ಕಾಫಿ ಕೊಂಡು ಕಾರ್ಡ್ ಮುಟ್ಟಿಸಿದ ಕೂಡಲೇ ಹುಡುಗ ಪರದೆಯನ್ನು ನಮ್ಮ ಕಡೆ ತಿರುಗಿಸುತ್ತಾನೆ. ಅದರಲ್ಲಿ 18, 20, 25 ಎಂದು ದೊಡ್ಡ ಚೌಕಗಳು, ‘ನೋ ಟಿಪ್’ ಎಂಬುದು ಮೂಲೆಯಲ್ಲಿ ಸಣ್ಣದಾಗಿ, ಹಿಂದೆ ಸಾಲಿನಲ್ಲಿ ನಿಂತವರ ಕಣ್ಣು ನಮ್ಮ ಬೆರಳಿನ ಮೇಲೆ. ಐದು ವರ್ಷಗಳ ಹಿಂದಿಗಿಂತ ಈಗ ಹೆಚ್ಚು ಕಡೆ ಟಿಪ್ಸ್ ನಿರೀಕ್ಷಿಸುತ್ತಾರೆ ಎಂದು 2023ರ ಪ್ಯೂ ರಿಸರ್ಚ್ ಸೆಂಟರ್ ಸಮೀಕ್ಷೆಯಲ್ಲಿ ಶೇ. 72 ಮಂದಿ ಅಮೆರಿಕನ್ನರೇ ಹೇಳಿದ್ದಾರೆ. ಇಲ್ಲಿ ಸಂಬಳದ ಪ್ರಶ್ನೆಯನ್ನು ನೆನೆಯಬೇಕು. ಕೌಂಟರಿನಲ್ಲಿ ನಿಂತು ಕಾಫಿ ಕೊಡುವವರಿಗೆ ಸಾಮಾನ್ಯವಾಗಿ ಪೂರ್ಣ ಕನಿಷ್ಠ ವೇತನ ಇರುತ್ತದೆ. ಆದ್ದರಿಂದ ಅಲ್ಲಿ, ಮತ್ತು ಪಾರ್ಸೆಲ್ ತೆಗೆದುಕೊಳ್ಳುವಾಗ, ಟಿಪ್ಸ್ ನಿಜವಾದ ಅರ್ಥದಲ್ಲಿ ಐಚ್ಛಿಕ: ಒಂದು ಡಾಲರ್ ಕೊಡಬಹುದು, ಕೊಡದೆಯೂ ಇರಬಹುದು. ನೀರಿನ ಬಾಟಲಿ ನಾವೇ ಎತ್ತಿಕೊಂಡು ಬಂದ ಅಂಗಡಿಯಲ್ಲೂ ಪರದೆ ಕೇಳಿದರೆ ‘ನೋ ಟಿಪ್’ ಒತ್ತಲು ಹಿಂಜರಿಯಬೇಕಾಗಿಲ್ಲ.

ಮನೆಗೆ ಊಟ ತರುವ ಆ್ಯಪ್‌ಗಳ ಮಾತು ಬೇರೆ. ಅಲ್ಲಿನ ಕೆಲಸಗಾರರಲ್ಲಿ ಹೆಚ್ಚಿನವರನ್ನು ಕಂಪನಿಗಳು ಸ್ವತಂತ್ರ ಗುತ್ತಿಗೆದಾರರೆಂದು ಲೆಕ್ಕ ಹಿಡಿಯುವುದರಿಂದ ಸಾಮಾನ್ಯ ಕನಿಷ್ಠ ವೇತನ ಕಾನೂನು ಅವರಿಗೆ ಅನ್ವಯಿಸುವುದಿಲ್ಲ, ಕಾರು, ಪೆಟ್ರೋಲು, ವಿಮೆ ಎಲ್ಲವೂ ಅವರದ್ದೇ. 2019ರವರೆಗೆ ಡೋರ್‌ಡ್ಯಾಶ್ ಕಂಪನಿ ಪ್ರತಿ ಡೆಲಿವರಿಗೆ ಒಂದು ಖಾತರಿ ಮೊತ್ತ ಹೇಳಿ, ಗ್ರಾಹಕ ಹೆಚ್ಚು ಟಿಪ್ಸ್ ಕೊಟ್ಟಷ್ಟೂ ತನ್ನ ಪಾಲನ್ನು ಕಡಿಮೆ ಮಾಡುತ್ತಿತ್ತು. ಸಾರ್ವಜನಿಕ ಟೀಕೆಯ ನಂತರ ಅದನ್ನು ಬದಲಿಸಿತು. ರೆಸ್ಟೋರೆಂಟಿನ ಟಿಪ್ ಕ್ರೆಡಿಟ್ಟಿನದೇ ಲೆಕ್ಕ ಅದು, ಕಾನೂನಿನ ಚೌಕಟ್ಟಿಲ್ಲದೆ. ಮನೆ ಬಾಗಿಲಿಗೆ ಊಟ ತಂದವರಿಗೆ ಶೇ. 15ರಿಂದ 20, ಸಣ್ಣ ಆರ್ಡರ್ ಆದರೂ ನಾಲ್ಕೈದು ಡಾಲರ್, ಹಿಮ ಸುರಿಯುವಾಗ ಇನ್ನೂ ಸ್ವಲ್ಪ ಮೇಲೆ ಕೊಡುವುದು ನನ್ನ ರೂಢಿ.

ಉಳಿದವನ್ನು ಬೇಗ ಹೇಳಬಹುದು. ಟ್ಯಾಕ್ಸಿಗೆ ಮತ್ತು ಕ್ಷೌರಕ್ಕೆ ಶೇ. 15ರಿಂದ 20, ಬಾರಿನಲ್ಲಿ ಲೋಟಕ್ಕೆ ಒಂದೆರಡು ಡಾಲರ್, ಹೋಟೆಲಿನಲ್ಲಿ ಸೂಟ್‌ಕೇಸ್ ಹೊತ್ತವರಿಗೆ ಚೀಲಕ್ಕೆ ಒಂದೆರಡು ಡಾಲರ್, ಕಾರು ತಂದು ನಿಲ್ಲಿಸಿದ ವ್ಯಾಲೆಗೆ ಎರಡರಿಂದ ಐದು. ವೈದ್ಯರು, ದಾದಿಯರು, ಪೊಲೀಸರು, ಸರ್ಕಾರಿ ಕಚೇರಿಯವರಿಗೆ ಕೊಡಲೇಬಾರದು, ಅದು ಲಂಚವೆನಿಸಿಕೊಳ್ಳುತ್ತದೆ. ಅಂಚೆಯವರು ನಗದು ತೆಗೆದುಕೊಳ್ಳುವಂತಿಲ್ಲ, ಹಬ್ಬದ ಸಮಯದಲ್ಲಿ 20 ಡಾಲರ್ ಮೀರದ ಸಣ್ಣ ಉಡುಗೊರೆ ಕೊಡಬಹುದು. ಕಾರ್ಡಿನಲ್ಲಿ ಕೊಡಲೇ, ನಗದಾಗಿ ಕೊಡಲೇ ಎಂದರೆ ಎರಡೂ ಸರಿ, ನಗದು ಅಂದೇ ಕೈ ಸೇರುತ್ತದೆ. ತೆರಿಗೆ ಎರಡಕ್ಕೂ ಇದೆ. ಆದರೆ 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸನ್ನು ಫೆಡರಲ್ ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಬಹುದು. ಕಡ್ಡಾಯ ಸರ್ವೀಸ್ ಚಾರ್ಜ್‌ಗೆ ಆ ರಿಯಾಯಿತಿ ಇಲ್ಲ.

ಎಲ್ಲರೂ ಮರೆಯುವುದು ಹೋಟೆಲಿನ ಕೋಣೆ ಸ್ವಚ್ಛ ಮಾಡುವವರನ್ನು, ಏಕೆಂದರೆ ಅವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ರಾತ್ರಿಗೆ ಎರಡರಿಂದ ಐದು ಡಾಲರ್ ವಾಡಿಕೆ. ಕೊನೆಯ ದಿನ ಒಟ್ಟಿಗೆ ಇಡದೆ ದಿನವೂ ಬೆಳಗ್ಗೆ ಇಡಬೇಕು, ಏಕೆಂದರೆ ಇಂದು ಬಂದವರೇ ನಾಳೆ ಬರುತ್ತಾರೆಂದಿಲ್ಲ. ಜೊತೆಗೆ ಒಂದು ಚೀಟಿ ಇರಬೇಕು. ಬರಿಯ ಹಣ ಮೇಜಿನ ಮೇಲಿದ್ದರೆ ಅದು ಅತಿಥಿ ಮರೆತು ಹೋದದ್ದೆಂದು ಅವರು ಮುಟ್ಟುವುದಿಲ್ಲ. ಆ ಪ್ರವಾಸದ ಕೊನೆಯಲ್ಲಿ ನಯಾಗರಾ ನೋಡಲು ಹೋಗಿ ಎರಡು ರಾತ್ರಿ ತಂಗಿದ್ದಾಗ ಅಮ್ಮ ಮೊದಲ ಬೆಳಗ್ಗೆ ನನ್ನಿಂದ ಐದು ಡಾಲರ್ ಕೇಳಿ ಪಡೆದರು, ಹೋಟೆಲಿನ ಕಾಗದದ ಮೇಲೆ ಇಂಗ್ಲಿಷಿನಲ್ಲಿ ‘ಥ್ಯಾಂಕ್ ಯೂ’ ಎಂದು ಬರೆಸಿಕೊಂಡರು, ಅದರ ಕೆಳಗೆ ತಾವೇ ಕನ್ನಡದಲ್ಲಿ ತಮ್ಮ ಹೆಸರು ಬರೆದು, ಎರಡನ್ನೂ ದಿಂಬಿನ ಮೇಲಿಟ್ಟು ಬಾಗಿಲೆಳೆದುಕೊಂಡು ಬಂದರು.